ಮೊದಲನೇ ದೋಸೆ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಂಚಿನ ಸಣ್ಣ ಹೋಟೆಲು. ಜೂನ್ ಮೊದಲ ವಾರ, ಸಂಜೆ ಏಳರ ಹೊತ್ತು. ಮಳೆ ಒಂದು ಜಡಿ ಹೊಡೆದು ಸುಮ್ಮನಾಗಿತ್ತು. ಮಳೆಯ ಜೊತೆ ಕರೆಂಟೂ, ಕರೆಂಟಿನ ಜೊತೆ ಮೊಬೈಲ್ ಟವರೂ ಹೋಗಿದ್ದವು. ಕೊನೆಯ ಬಸ್ಸಿಗೆ ಕಾಯುತ್ತ ನಾನು ಕಾಫಿ ಹಿಡಿದು ಕೂತಿದ್ದೆ. ಗಲ್ಲಾದ ಮೇಲಿನ ಎಮರ್ಜೆನ್ಸಿ ಲೈಟಿಗೆ ಮಳೆಹುಳ ಮುತ್ತಿಕೊಂಡಿದ್ದವು. ಹೋಟೆಲಿನ ಭಟ್ಟರು ಅಗಲದ ತಟ್ಟೆಯೊಂದಕ್ಕೆ ನೀರು ಸುರಿದು ಲೈಟಿನ ಕೆಳಗೆ ತಂದಿಟ್ಟರು. ಎದುರು ಬೆಂಚಿನಲ್ಲಿ ಕೂತಿದ್ದವರು ಅದೇ ಊರಿನ ಹೈಸ್ಕೂಲಿನಿಂದ ನಿವೃತ್ತರಾದ ವಿಜ್ಞಾನದ ಮೇಷ್ಟ್ರು. ಇಬ್ಬರಿಗೂ ಅರವತ್ತು ದಾಟಿದೆ. ಹಳೆಯ ಪರಿಚಯದವರ ಜಗಳಕ್ಕೆ ಪೀಠಿಕೆ ಬೇಕಾಗುವುದಿಲ್ಲ.

ಮೇಷ್ಟ್ರು: ತಟ್ಟೆ ಯಾಕೆ ಇಟ್ರಿ ಭಟ್ರೇ?

ಭಟ್ಟರು: ಹುಳ ಬೀಳ್ಲಿ ಅಂತ.

ಮೇಷ್ಟ್ರು: ಅದು ಗೊತ್ತು. ಅಲ್ಲೇ ಯಾಕೆ ಬೀಳ್ತವೆ?

ಭಟ್ಟರು: ಬೀಳ್ತವೆ. ನಮ್ಮಪ್ಪ ಲಾಟೀನಿನ ಕೆಳಗೆ ಇಡ್ತಿದ್ರು, ಆಗ್ಲೂ ಬೀಳ್ತಿದ್ವು. ಅಲ್ಲ ಮೇಷ್ಟ್ರೇ, ರಿಟೈರಾಗಿ ಆರು ವರ್ಷ ಆಯ್ತು, ನೀವಿನ್ನೂ ಪ್ರಶ್ನೆಪತ್ರಿಕೆ ಹಂಚೋದು ಬಿಡ್ಲಿಲ್ಲವಲ್ಲ!

ಮೇಷ್ಟ್ರು: ಉತ್ತರಪತ್ರಿಕೆ ತಿದ್ದೋದು ಬಿಟ್ಟಿದ್ದೀನಿ, ಅಷ್ಟೇ. ನೋಡಿ, ಈ ಹುಳ ದೀಪಕ್ಕೆ ಯಾಕೆ ಬರ್ತಾವೆ ಅಂತ ಮೂವತ್ತು ವರ್ಷ ಮಕ್ಕಳಿಗೆ ಒಂದೇ ಪಾಠ ಹೇಳಿದೆ. ಹಾತೆಗಳು ಚಂದ್ರನನ್ನ ಗುರುತು ಇಟ್ಕೊಂಡು ದಾರಿ ಹಿಡೀತವೆ, ದೀಪವನ್ನ ಚಂದ್ರ ಅಂದ್ಕೊಂಡು ಮೋಸ ಹೋಗ್ತವೆ ಅಂತ. ಮಕ್ಕಳಿಗೆ ಆ ಕಥೆ ಬಹಳ ಇಷ್ಟ. ನನಗೂ ಇಷ್ಟ ಇತ್ತು.

ಭಟ್ಟರು: ಚೆನ್ನಾಗೇ ಇದೆಯಲ್ಲ.

ಮೇಷ್ಟ್ರು: ಚೆನ್ನಾಗಿದೆ, ಆದ್ರೆ ಈಗ ಅಲ್ಲ ಅಂತಿದ್ದಾರೆ. 2024ರಲ್ಲಿ ಒಂದು ಸಂಶೋಧನೆ ಬಂತು. ಬಹಳ ವೇಗದ ಕ್ಯಾಮೆರಾ ಇಟ್ಟು ಹಾತೆ, ಏರೋಪ್ಲೇನ್ ಚಿಟ್ಟೆ ಎಲ್ಲ ದೀಪದ ಹತ್ತಿರ ಹೇಗೆ ಹಾರ್ತವೆ ಅಂತ ನೋಡಿದ್ರು. ಅವು ದೀಪಕ್ಕೆ ನೇರವಾಗಿ ನುಗ್ಗೋದೇ ಇಲ್ಲವಂತೆ. ದೀಪಕ್ಕೆ ಬೆನ್ನು ಕೊಡ್ತವೆ.

ಭಟ್ಟರು: ಬೆನ್ನಾ?

ಮೇಷ್ಟ್ರು: ಹೌದು. ಲಕ್ಷಾಂತರ ವರ್ಷದಿಂದ ರಾತ್ರಿ ಹೊತ್ತು ಬೆಳಕು ಅಂದ್ರೆ ಆಕಾಶ. ಆಕಾಶ ಯಾವ ಕಡೆಗೋ ಆ ಕಡೆ ಬೆನ್ನು ಇದ್ರೆ ಹುಳದ ಮೈ ನೆಟ್ಟಗಿದೆ ಅಂತ ಲೆಕ್ಕ. ಪಕ್ಕದಲ್ಲಿ ದೀಪ ಬಂದ್ರೆ ಆ ಕಡೆ ಬೆನ್ನು ತಿರುಗಿಸುತ್ತೆ. ತಿರುಗಿಸಿದ್ದಕ್ಕೆ ದಾರಿ ಬಾಗುತ್ತೆ. ಬಾಗಿ ಬಾಗಿ ಸುತ್ತೋಕೆ ಶುರು ಮಾಡುತ್ತೆ. ನಮಗೆ ಕಾಣೋದು ಮೋಹ, ಪಾಪ ಅದು ಬೀಳದ ಹಾಗೆ ಮೈ ಹಿಡಿದುಕೊಳ್ಳೋ ಒದ್ದಾಟ. ಇನ್ನೂ ಒಂದು ನೋಡಿದ್ರು. ಬೆಳಕು ಕೆಳಗಿನಿಂದ ಬಂದ್ರೆ ಹುಳ ಪೂರ್ತಿ ಅಂಗಾತ ಆಗಿ ನೆಲಕ್ಕೆ ಬೀಳುತ್ತೆ. ನಿಮ್ಮ ತಟ್ಟೆಯ ನೀರಲ್ಲಿ ದೀಪ ಹೊಳೀತಿದೆಯಲ್ಲ, ಅದೂ ಅದೇ ಕೆಲಸ ಮಾಡ್ತಿರಬೇಕು ಅಂತ ನನ್ನ ಊಹೆ.

ಭಟ್ಟರು: ಅವ್ರು ನಮ್ಮ ಮಳೆಹುಳದ ಮೇಲೆ ನೋಡಿದ್ರಾ?

ಮೇಷ್ಟ್ರು: ಹೇಳಿದ್ನಲ್ಲ, ಹಾತೆ, ಏರೋಪ್ಲೇನ್ ಚಿಟ್ಟೆ…

ಭಟ್ಟರು: ನಾನು ಕೇಳಿದ್ದು ಮಳೆಹುಳ. ಮೊದ್ಲು ಮೂವತ್ತು ವರ್ಷ ಚಂದ್ರ ಅಂದ್ರಿ. ಈಗ ಬೆನ್ನು ಅಂತೀರಿ. ಇನ್ನು ಹತ್ತು ವರ್ಷಕ್ಕೆ ಹೊಟ್ಟೆ ಅಂತೀರಿ. ನಮ್ಮಪ್ಪನ ತಟ್ಟೆ ಮಾತ್ರ ಅಂದಿನಿಂದ ಅದೇ ತಟ್ಟೆ.

ಮೇಷ್ಟ್ರು ಉತ್ತರಿಸದೆ ತಟ್ಟೆಯನ್ನೇ ನೋಡುತ್ತ ಕೂತರು. ಹುಳಗಳು ಪಟಪಟ ಉದುರುತ್ತಿದ್ದವು. ಅಂಗಾತ ಬೀಳುತ್ತಿದ್ದವೋ ಬಿದ್ದಮೇಲೆ ಅಂಗಾತ ಆಗುತ್ತಿದ್ದವೋ ಅಂತ ನಾನೂ ಕಣ್ಣು ಕಿರಿದು ಮಾಡಿ ನೋಡಿದೆ. ಎಮರ್ಜೆನ್ಸಿ ಲೈಟಿನ ಬೆಳಕಿಗೆ ಅಷ್ಟು ಸೂಕ್ಷ್ಮ ಸಿಗಲಿಲ್ಲ.

ಮೇಷ್ಟ್ರು: ಉತ್ತರ ಬದಲಾದ್ರೆ ನಿಮಗೆ ಯಾಕಷ್ಟು ಸಿಟ್ಟು?

ಭಟ್ಟರು: ಸಿಟ್ಟಲ್ಲ ಮಾರಾಯ್ರೆ. ಬದಲಾಗೋದಾದ್ರೆ ಅವಸರ ಯಾಕೆ ಅಂತ. ‘ಏನು’ ಅನ್ನೋದು ಗೊತ್ತಿದ್ರೆ ಅಡುಗೆ ಆಗುತ್ತೆ. ‘ಯಾಕೆ’ ಅಂತ ಕೂತ್ರೆ ಸಾಂಬಾರು ತಳ ಹಿಡಿಯುತ್ತೆ.

ಮೇಷ್ಟ್ರು: ಸರಿ, ಬೆರಳು ತೋರಿಸಿ. ನಿಮ್ಮದಲ್ಲ, ಒಳಗೆ ಪಾತ್ರೆ ತೊಳೀತಿದ್ದಾರಲ್ಲ, ಅವರದ್ದು.

ಹಿತ್ತಲ ಬಾಗಿಲಲ್ಲಿ ಲೋಟ ಉಜ್ಜುತ್ತಿದ್ದ ಹೆಂಗಸು ತಲೆ ಎತ್ತಿ, ನಕ್ಕು, ಒದ್ದೆ ಕೈಯನ್ನು ಬೆಳಕಿಗೆ ಹಿಡಿದರು. ಬೆರಳ ತುದಿಗಳು ಒಣದ್ರಾಕ್ಷಿಯ ಹಾಗೆ ಮುದುರಿದ್ದವು.

ಮೇಷ್ಟ್ರು: ನೀರಲ್ಲಿ ಕೈ ಬಹಳ ಹೊತ್ತು ಇದ್ರೆ ಹೀಗಾಗುತ್ತೆ. ಯಾಕೆ?

ಭಟ್ಟರು: ಕಡ್ಲೆ ನೆನೆದ ಹಾಗೆ. ಚರ್ಮ ನೀರು ಕುಡಿಯುತ್ತೆ, ಉಬ್ಬುತ್ತೆ, ಸುಕ್ಕಾಗುತ್ತೆ.

ಮೇಷ್ಟ್ರು: ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಬೆರಳಿನ ನರ ಕತ್ತರಿಸಿ ಹೋದವರಿಗೆ ಆ ಬೆರಳು ಎಷ್ಟು ನೆನೆಸಿದ್ರೂ ಸುಕ್ಕಾಗಲ್ಲ. ಇದನ್ನ 1930ರ ದಶಕದಲ್ಲೇ ಡಾಕ್ಟರುಗಳು ಕಂಡಿದ್ರು. ಅಂದ್ರೆ ಚರ್ಮ ತಾನಾಗೇ ನೆನೆದು ಮುದುರೋದಲ್ಲ. ನರ ಹೇಳುತ್ತೆ, ಒಳಗಿನ ರಕ್ತನಾಳ ಸಣ್ಣದಾಗುತ್ತೆ, ಮೇಲಿನ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತೆ. ದೇಹ ಬೇಕು ಅಂತಲೇ ಮಾಡೋ ಕೆಲಸ ಅದು.

ಭಟ್ಟರು: ಯಾತಕ್ಕೆ ಬೇಕು ಅಂತ?

ಮೇಷ್ಟ್ರು: ಹಾಂ! ಯಾಕೆ ಅಂತ ನೀವೇ ಕೇಳಿದ್ರಿ, ನೆನಪಿರಲಿ. ಒದ್ದೆ ವಸ್ತು ಜಾರದ ಹಾಗೆ ಹಿಡಿಯೋಕೆ ಇರಬೇಕು ಅಂತ 2013ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನೋಡಿದ್ರು. ನೀರಲ್ಲಿ ಮುಳುಗಿದ ಗೋಲಿಗಳನ್ನ ಎತ್ತಿ ಬೇರೆ ಕಡೆ ಹಾಕೋಕೆ ಹೇಳಿದ್ರೆ, ಸುಕ್ಕಾದ ಬೆರಳಿನವರು ಬೇಗ ಮುಗಿಸಿದ್ರು. ವಾಹನದ ಟಯರಿಗೆ ಗೀರು ಇರುತ್ತಲ್ಲ, ಹಾಗೆ.

ಭಟ್ಟರು: ಹೌದೇನೇ?

ಪ್ರಶ್ನೆ ಹಿತ್ತಲ ಬಾಗಿಲಿಗೆ. ಅಲ್ಲಿಂದ ಬಂದ ಉತ್ತರ ಇಷ್ಟೇ: ‘‘ಸೋಪು ಇದ್ರೆ ಯಾವ ಬೆರಳಾದ್ರೂ ಜಾರ್ತದೆ.’’

ಮೇಷ್ಟ್ರು ಜೋರಾಗಿ ನಕ್ಕರು.

ಮೇಷ್ಟ್ರು: ಮರುವರ್ಷ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಸುಕ್ಕಿನಿಂದ ಏನೂ ಲಾಭ ಕಾಣಲಿಲ್ಲ ಅಂದ್ರು. ಹಾಗಾಗಿ ಈಯಮ್ಮನ ಪಕ್ಷಕ್ಕೂ ಒಂದು ಓಟಿದೆ. ತಮಾಷೆ ಅಲ್ಲ ಭಟ್ರೇ, ಪಾತ್ರೆ ತೊಳೆದ ನೀರಿಂದಲೇ ವಿಜ್ಞಾನಿ ಆದವಳು ಒಬ್ಬಳಿದ್ದಾಳೆ. ಜರ್ಮನಿಯ ಆಗ್ನೆಸ್ ಪೋಕಲ್ಸ್. ಆ ಕಾಲಕ್ಕೆ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯಕ್ಕೆ ಪ್ರವೇಶ ಇಲ್ಲ. ಅಪ್ಪ ಅಮ್ಮನಿಗೆ ಕಾಯಿಲೆ, ಮನೆ ಕೆಲಸ ಅವಳದ್ದೇ. ಜಿಡ್ಡಿನ ಪಾತ್ರೆ ತೊಳೆಯುವಾಗ ನೀರಿನ ಮೈ ಯಾಕೆ ಬೇರೆ ಥರ ಆಡುತ್ತೆ ಅಂತ ಅವಳಿಗೆ ಕುತೂಹಲ. ತಗಡಿನ ತೊಟ್ಟಿ ಮಾಡಿಕೊಂಡ್ಲು. ಒಂದು ಅಂಗಿ ಗುಂಡಿಯನ್ನ ತಕ್ಕಡಿಗೆ ಕಟ್ಟಿ, ಅದನ್ನ ನೀರಿನ ಮೈಯಿಂದ ಕೀಳೋಕೆ ಎಷ್ಟು ತೂಕ ಬೇಕು ಅಂತ ಅಳೆದ್ಲು. ಸುಮಾರು ಹತ್ತು ವರ್ಷ ಅಡುಗೆಮನೇಲೇ! 1891ರಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲೀಗೆ ಕಾಗದ ಬರೆದ್ಲು. ಆ ಪುಣ್ಯಾತ್ಮ ಅದನ್ನ ತರ್ಜುಮೆ ಮಾಡಿಸಿ ‘ನೇಚರ್’ ಪತ್ರಿಕೆಗೆ ಕಳಿಸಿದ, ಅಚ್ಚಾಯ್ತು. ಅವಳ ತೊಟ್ಟಿಯ ಥರದ್ದನ್ನೇ ಸುಧಾರಿಸಿ ಕೆಲಸ ಮಾಡಿದ ಲ್ಯಾಂಗ್‌ಮ್ಯೂರ್‌ಗೆ 1932ರಲ್ಲಿ ನೊಬೆಲ್ ಬಂತು.

ಭಟ್ಟರು: ಅವಳಿಗೆ?

ಮೇಷ್ಟ್ರು: ಗೌರವ ಡಾಕ್ಟರೇಟು. ಅದೇ ವರ್ಷ. ಆಗ ಅವಳಿಗೆ ಎಪ್ಪತ್ತು.

ಭಟ್ಟರು: ಹಾಗಾದ್ರೆ ‘ಯಾಕೆ’ ಕೇಳಿದವಳಿಗೆ ತೊಟ್ಟಿ, ಆಮೇಲೆ ಬಂದವನಿಗೆ ಊಟ. ನಮ್ಮ ಹೋಟೆಲಿನ ಲೆಕ್ಕವೂ ಅದೇ.

ಇಷ್ಟು ಹೊತ್ತಿಗೆ ಭಟ್ಟರು ಗಲ್ಲಾ ಬಿಟ್ಟು ಬಂದು ಬೆಂಚಿನಲ್ಲಿ ಕೂತಿದ್ದರು. ವಾದ ಬೇಡ ಅನ್ನುವವರು ಎದ್ದು ಹೋಗುತ್ತಾರೆ, ಹತ್ತಿರ ಬಂದು ಕೂರುವುದಿಲ್ಲ. ಅವರು ಬಾಯಿ ತೆರೆಯುವಷ್ಟರಲ್ಲಿ ಬಿಕ್ಕಳಿಕೆ ಬಂತು.

ಮೇಷ್ಟ್ರು: ನೀರು ಕುಡೀರಿ.

ಭಟ್ಟರು: ಯಾರೋ ನೆನೆಸ್ಕೊಳ್ತಿದ್ದಾರೆ. ಬೆಂಗ್ಳೂರಿನ ಮಗ… ಇಲ್ಲ. ಶಿವಮೊಗ್ಗದ ಅಕ್ಕ… ಇಲ್ಲ. ಹಾಲಿನವನು… ನೋಡಿ, ನಿಂತಿತು! ನಿನ್ನೆ ಬಾಕಿ ಕೊಟ್ಟಿರಲಿಲ್ಲ.

ಮೇಷ್ಟ್ರು: ಎದೆಗೂ ಹೊಟ್ಟೆಗೂ ನಡುವಿನ ವಪೆ ಇದ್ದಕ್ಕಿದ್ದ ಹಾಗೆ ಜಗ್ಗುತ್ತೆ, ಗಂಟಲ ಬಾಗಿಲು ಫಕ್ಕನೆ ಮುಚ್ಚುತ್ತೆ, ಅದೇ ಬಿಕ್ಕಳಿಕೆ. ಅಮೆರಿಕದ ಅಯೋವಾದಲ್ಲಿ ಚಾರ್ಲ್ಸ್ ಆಸ್ಬರ್ನ್ ಅಂತ ಒಬ್ಬ ಇದ್ದ. 1922ರಲ್ಲಿ ಹಂದಿ ತೂಕ ಹಾಕುವಾಗ ಶುರುವಾದ ಬಿಕ್ಕಳಿಕೆ 1990ರಲ್ಲಿ ನಿಂತಿತು. 68 ವರ್ಷ! ಅವನನ್ನ 68 ವರ್ಷ ಬಿಡದೆ ನೆನೆಸ್ಕೊಂಡಿದ್ದು ಯಾರು, ಹೇಳಿ?

ಭಟ್ಟರು: ಸಾಲ ಕೊಟ್ಟವರು.

ನನ್ನ ಕಾಫಿ ಮೂಗಿಗೆ ಹತ್ತಿತು. ಇಬ್ಬರೂ ಒಮ್ಮೆ ನನ್ನ ಕಡೆ ನೋಡಿ, ತಮ್ಮ ಕೆಲಸಕ್ಕೆ ಮರಳಿದರು.

ಭಟ್ಟರು: ನಗಬೇಡಿ. ವಪೆ ಅಂತ ಗೊತ್ತಾಗಿ ನಿಮ್ಮ ಬಿಕ್ಕಳಿಕೆ ನಿಂತಿದ್ದುಂಟಾ? ಹೆಸರು ಹೇಳ್ತಾ ಹೋದ್ರೆ ನಿಲ್ಲುತ್ತೆ. ಮನಸ್ಸು ಬೇರೆ ಕಡೆ ಹೋಗುತ್ತೋ, ಉಸಿರು ಹದಕ್ಕೆ ಬರುತ್ತೋ, ತಾನಾಗೇ ನಿಲ್ಲೋ ಹೊತ್ತಾಗಿರುತ್ತೋ. ಅಷ್ಟರಲ್ಲಿ ನಾಲ್ಕು ಜನರ ನೆನಪಾಯ್ತು, ಹಾಲಿನ ಬಾಕಿಯೂ ನೆನಪಾಯ್ತು. ನಿಮ್ಮ ಉತ್ತರ ನಿಜ ಇರಬಹುದು, ನಮ್ಮದರಲ್ಲಿ ಉಪಯೋಗ ಇದೆ.

ಮೇಷ್ಟ್ರು: ಉಪಯೋಗ ಇದೆ ಅಂತ ಸುಳ್ಳನ್ನ ಸಾಕಬಹುದಾ? ಕಳೆದ ವರ್ಷ ಮದುವೆಮನೇಲಿ ಸಾರಿಗೆ ಹಲ್ಲಿ ಬಿತ್ತು, ಇಡೀ ಕೊಪ್ಪರಿಗೆ ಚೆಲ್ಲಿದ್ರಿ. ಹಲ್ಲಿ ವಿಷ ಅಂತ. ಮನೆಹಲ್ಲಿಯಲ್ಲಿ ವಿಷ ಇಲ್ಲ ಭಟ್ರೇ.

ಭಟ್ಟರು: ಇಲ್ಲ ಅಂತ ಗೊತ್ತಿದ್ರೆ ನೀವು ಆ ಸಾರು ಬಡಿಸ್ತಿದ್ರಾ?

ಮೇಷ್ಟ್ರು: ಇಲ್ಲ. ಅದರ ಹೊಟ್ಟೇಲಿ ಹಿಕ್ಕೇಲಿ ಭೇದಿ ತರೋ ಕ್ರಿಮಿ ಇರುತ್ತೆ.

ಭಟ್ಟರು: ನೀವೂ ಚೆಲ್ತಿದ್ರಿ, ನಾನೂ ಚೆಲ್ಲಿದೆ. ಕಾರಣ ತಪ್ಪು, ಕೆಲಸ ಸರಿ. ಹಾಗಿದ್ದಾಗ ನಿಮ್ಮ ‘ಯಾಕೆ’ಯಿಂದ ಬಂದ ಭಾಗ್ಯ ಏನು?

ಈ ಮಾತಿಗೆ ಮೇಷ್ಟ್ರು ತಡವರಿಸುತ್ತಾರೆ ಅಂದುಕೊಂಡೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕೌಂಟರಿನ ಕಡೆ ಬೆರಳು ತೋರಿಸಿದರು.

ಮೇಷ್ಟ್ರು: ಹಲ್ಲಿಗೆ ಹೆದರೋವ್ರು ನೊಣಕ್ಕೆ ಹೆದರಲ್ಲ. ವಿಷ ಅನ್ನೋ ಕಾರಣ ಹಲ್ಲಿಯ ಹತ್ರವೇ ನಿಂತುಬಿಡುತ್ತೆ. ಕ್ರಿಮಿ ಅನ್ನೋ ಕಾರಣ ಗೊತ್ತಿದ್ದಿದ್ರೆ, ಆಗಿಂದ ತೆರೆದಿಟ್ಟಿರೋ ಆ ಚಟ್ನಿ ಪಾತ್ರೆ ಮುಚ್ಚಿರ್ತಿದ್ರಿ.

ಭಟ್ಟರು ಎದ್ದರು. ಚಟ್ನಿಗೆ ಮುಚ್ಚಳ ಹಾಕಿದರು. ಮುಚ್ಚಳ ಇಡುವ ಸದ್ದು ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಬಂತು. ಹಾಗೇ ಒಳಗೆ ಹೋಗಿ ಒಲೆಯ ಮುಂದೆ ನಿಂತರು. ರಾತ್ರಿಯ ಬಸ್ಸಿನವರಿಗೆ ದೋಸೆ ಹೊಯ್ಯುವ ಹೊತ್ತು. ಕಾದ ಕಾವಲಿಗೆ ಕೈಯಿಂದ ನೀರು ಚಿಮುಕಿಸಿದರು. ಹನಿಗಳು ಚುಂಯ್ ಎನ್ನಲಿಲ್ಲ. ಗೋಲಿಗಳಾಗಿ ಕಾವಲಿ ತುಂಬ ಓಡಾಡಿದವು. ‘‘ಜಾಸ್ತಿ ಆಯ್ತು’’ ಎಂದು ಉರಿ ತಗ್ಗಿಸಿ, ಇನ್ನಷ್ಟು ನೀರು ಹಾಕಿ ಕಡ್ಡಿಪೊರಕೆಯಿಂದ ಗುಡಿಸಿದರು. ಮೇಷ್ಟ್ರು ಬೆಂಚು ಬಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದಿದ್ದರು. ಲೋಟ ಹಿಡಿದು ನಾನೂ.

ಮೇಷ್ಟ್ರು: ಈಗ ಓಡಾಡಿದ್ವಲ್ಲ ಹನಿ, ಅದಕ್ಕೊಂದು ಹೆಸರಿದೆ. ಲೈಡನ್‌ಫ್ರಾಸ್ಟ್ ಪರಿಣಾಮ. ಅವನು ಜರ್ಮನಿಯ ಒಬ್ಬ ವೈದ್ಯ. ಕಬ್ಬಿಣದ ಚಮಚವನ್ನ ಕೆಂಪಗೆ ಕಾಯಿಸಿ, ಅದರ ಮೇಲೆ ಒಂದು ಹನಿ ನೀರು ಬಿಟ್ಟು, ಎಷ್ಟು ಹೊತ್ತು ಉಳಿಯುತ್ತೆ ಅಂತ ಎಣಿಸಿದ. 1756ರಲ್ಲಿ ಪುಸ್ತಕ ಬರೆದ. ಕಡಿಮೆ ಕಾದಿದ್ರೆ ಹನಿ ಚುಂಯ್ ಅಂತ ಆವಿ ಆಗುತ್ತೆ. 200 ಡಿಗ್ರಿ ಆಸುಪಾಸು ದಾಟಿದ್ರೆ ಹನಿಯ ಅಡಿಭಾಗ ಮುಟ್ಟಿದ ಕೂಡಲೇ ಆವಿಯಾಗಿ ಒಂದು ತೆಳು ಹಾಸಿಗೆ ಮಾಡುತ್ತೆ. ಹನಿ ಆ ಹಾಸಿಗೆ ಮೇಲೆ ತೇಲುತ್ತೆ, ಕಾವಲಿ ಮುಟ್ಟೋದೇ ಇಲ್ಲ. ಅದಕ್ಕೇ ಚುಂಯ್ ಅನ್ನೋ ಹನಿಗಿಂತ ಹೆಚ್ಚು ಹೊತ್ತು ಬದುಕುತ್ತೆ.

ಭಟ್ಟರು: ಹನಿ ಓಡಿದ್ರೆ ಹಿಟ್ಟು ಹರಡಲ್ಲ, ಸೌಟಿಗೇ ಸುತ್ತಿಕೊಂಡು ಬರುತ್ತೆ ಅಂತ ನನಗೆ ಹನ್ನೆರಡನೇ ವಯಸ್ಸಲ್ಲಿ ಗೊತ್ತಾಯ್ತು. ಬೆನ್ನ ಮೇಲೆ ಸೌಟಿನ ಏಟು ಬಿದ್ದು. ಆ ಜರ್ಮನಿಯವನಿಗೆ ದೋಸೆ ಹೊಯ್ಯೋಕೆ ಬರ್ತಿತ್ತಾ?

ಮೇಷ್ಟ್ರು: ಇಲ್ಲ. (ಸ್ವಲ್ಪ ಹೊತ್ತು ಬಿಟ್ಟು) ಈ ಹನಿ ವಿಷಯ ನನ್ನ ಹತ್ರ ಒಬ್ಬ ಹುಡುಗಿ ಕೇಳಿದ್ಲು. ಎಂಟನೇ ಕ್ಲಾಸು. ‘ಸರ್, ಕಾವಲಿ ಜೋರು ಕಾದಾಗ ನೀರು ಬೇಗ ಆರೋ ಬದಲು ನಿಧಾನ ಆರುತ್ತೆ, ಯಾಕೆ?’ ಅಂತ. ನಾನು, ಹಾಗೆಲ್ಲ ಆಗಲ್ಲ, ಜೋರು ಕಾದ್ರೆ ಬೇಗ ಆರುತ್ತೆ, ಪಾಠದ ಕಡೆ ಗಮನ ಕೊಡು ಅಂದೆ. ಇಡೀ ಕ್ಲಾಸು ನಕ್ಕಿತು. ಆಮೇಲೆ ಅವಳು ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಭಟ್ಟರು: ಆಗ ನಿಮಗೆ ಉತ್ತರ ಗೊತ್ತಿತ್ತಾ?

ಮೇಷ್ಟ್ರು: ಗೊತ್ತಿರಲಿಲ್ಲ.

ಭಟ್ಟರು: ಗೊತ್ತಿಲ್ಲ ಅನ್ನಬಹುದಿತ್ತು.

ಮೇಷ್ಟ್ರು: ಮೂವತ್ತೆರಡನೇ ವಯಸ್ಸಿನ ಮೇಷ್ಟ್ರಿಗೆ ಆ ಮಾತು ಬಾಯಿಗೆ ಬರಲ್ಲ ಭಟ್ರೇ. ನನ್ನ ಥರದವರು ಎಲ್ಲ ಕಡೆ ಇದ್ದಾರೆ. ಆಫ್ರಿಕಾದ ಟಾಂಜಾನಿಯಾದಲ್ಲಿ 1963ರಲ್ಲಿ ಎರಾಸ್ಟೊ ಎಂಪೆಂಬಾ ಅನ್ನೋ ಹುಡುಗ. ಶಾಲೇಲಿ ಐಸ್‌ಕ್ರೀಮ್ ಮಾಡುವಾಗ, ಫ್ರೀಜರಿನಲ್ಲಿ ಜಾಗ ಹೋಗುತ್ತೆ ಅಂತ ಬಿಸಿ ಹಾಲನ್ನ ಆರೋಕೆ ಬಿಡದೆ ಹಾಗೇ ಇಟ್ಟ. ಅವನದ್ದೇ ಬೇಗ ಗಟ್ಟಿಯಾಯ್ತು! ಮೇಷ್ಟ್ರನ್ನ ಕೇಳಿದ್ರೆ ನಿನಗೆ ಗೊಂದಲ ಆಗಿದೆ ಅಂದ್ರು. ಮುಂದೆ ಹೈಸ್ಕೂಲಲ್ಲೂ ಕೇಳಿದ, ಅಲ್ಲೂ ಗೇಲಿ. ಕೊನೆಗೆ ಡೆನಿಸ್ ಆಸ್ಬರ್ನ್ ಅನ್ನೋ ಪ್ರೊಫೆಸರು ಭಾಷಣಕ್ಕೆ ಬಂದಾಗ ಎದ್ದು ನಿಂತು ಕೇಳಿದ. ಆ ಪ್ರೊಫೆಸರು ನಗಲಿಲ್ಲ, ವಾಪಸ್ ಹೋಗಿ ಮಾಡಿ ನೋಡಿದ. 1969ರಲ್ಲಿ ಇಬ್ಬರ ಹೆಸರಲ್ಲೂ ಲೇಖನ ಬಂತು.

ಭಟ್ಟರು: ಅಂದ್ರೆ ಬಿಸಿನೀರು ಬೇಗ ಐಸಾಗೋದು ನಿಜ ಅಂತಾಯ್ತು.

ಮೇಷ್ಟ್ರು: ಅದೇ ಕಷ್ಟ. ಕೆಲವರಿಗೆ ಆಗುತ್ತೆ, ಕೆಲವರಿಗೆ ಆಗಲ್ಲ. ಎಲ್ಲಿ ಅಳೀತೀರಿ, ಪಾತ್ರೆ ಎಂಥದ್ದು ಅನ್ನೋದರ ಮೇಲೆ ಎಲ್ಲ ತಲೆಕೆಳಗಾಗುತ್ತೆ. 2016ರಲ್ಲಿ ಇಬ್ಬರು ಕಟ್ಟುನಿಟ್ಟಾಗಿ ನೋಡಿ, ಇದು ಇದೆ ಅನ್ನೋಕೆ ಸರಿಯಾದ ಪುರಾವೆ ಸಿಗಲಿಲ್ಲ ಅಂದ್ರು.

ಭಟ್ಟರು: ಹಾಗಾದ್ರೆ ಮೊದಲ ಮೇಷ್ಟ್ರು ಹೇಳಿದ್ದೇ ಸರಿ ಇರಬಹುದು.

ಮೇಷ್ಟ್ರು: ಇರಬಹುದು. ಆದ್ರೂ ಹಾಲು ಫ್ರೀಜರಿಗೆ ಇಟ್ಟು ನೋಡಬೇಕಿತ್ತು.

ಭಟ್ಟರು ಸೌಟು ಹಿಡಿದು ಯೋಚಿಸುತ್ತ ನಿಂತರು. ಆಮೇಲೆ ಹೇಳಿದ ಮಾತು ನಾನು ನಿರೀಕ್ಷಿಸಿದ್ದಲ್ಲ.

ಭಟ್ಟರು: ಕೋಳಿ ಅಜ್ಜಿ ಕಥೆ ಗೊತ್ತಲ್ಲ. ನನ್ನ ಕೋಳಿ ಕೂಗಿದ್ರೇ ಊರಿಗೆ ಬೆಳಗಾಗೋದು ಅಂತ ಜಂಬ. ಊರವರ ಮೇಲೆ ಮುನಿಸಿಕೊಂಡು ಕೋಳಿ ಎತ್ಕೊಂಡು ಕಾಡಿಗೆ ಹೋದ್ಲು. ಬೆಳಗಾಯ್ತು. ಎಲ್ಲರೂ ಅಜ್ಜಿಗೆ ನಗ್ತೀವಿ.

ಮೇಷ್ಟ್ರು: ನಗಬೇಕಾದ್ದೇ. ಜಪಾನಿನ ನಗೋಯಾದಲ್ಲಿ 2013ರಲ್ಲಿ ನೋಡಿದ್ರು. ಮಂದ ಬೆಳಕನ್ನ ಹಗಲೂ ರಾತ್ರಿ ಒಂದೇ ಸಮ ಇಟ್ರೂ ಹುಂಜಗಳು ಮುಂಜಾವದ ಹೊತ್ತಿಗೇ ಕೂಗಿದ್ವು. ಅದರ ಮೈಯೊಳಗೇ ಗಡಿಯಾರ ಇದೆ. ಸೂರ್ಯನಿಗೂ ಕೂಗಿಗೂ…

ಭಟ್ಟರು: ಸ್ವಲ್ಪ ತಡೀರಿ. ನಾನು ಹೇಳೋದು ಬೇರೆ. ಕೋಳಿ ಕೂಗಿದ್ರೆ ಬೆಳಗಾಗುತ್ತೆ ಅಂತ ಅಜ್ಜಿ ನಂಬಿದ್ಲು, ಸರಿ. ಕೂಗದಿದ್ರೂ ಆಗುತ್ತೆ ಅಂತ ಊರವರು ನಂಬಿದ್ರು. ಅವ್ರಿಗೆ ಹೇಗೆ ಗೊತ್ತಿತ್ತು? ಅವ್ರೂ ನೋಡಿರಲಿಲ್ಲ. ದಿನಾ ಕೋಳಿ ಕೂಗ್ತಿತ್ತು, ದಿನಾ ಬೆಳಗಾಗ್ತಿತ್ತು. ಕೋಳಿ ಎತ್ಕೊಂಡು ಹೋಗಿ ನೋಡಿದವಳು ಇಡೀ ಊರಿಗೆ ಅಜ್ಜಿ ಒಬ್ಬಳೇ. ನೀವು ಮೂವತ್ತು ವರ್ಷ ಚಂದ್ರನ ಪಾಠ ಹೇಳಿದ್ರಲ್ಲ, ಒಂದು ರಾತ್ರಿ ಲಾಟೀನು ಎತ್ಕೊಂಡು ಹೋಗಿ ನೋಡಿದ್ರಾ?

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಒಳಗೆ ಲೋಟಗಳ ಸದ್ದೂ ನಿಂತಿತ್ತು. ಆ ಕಥೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಒಮ್ಮೆಯೂ ಊರವರ ಪಕ್ಷ ಬಿಟ್ಟು ಯೋಚಿಸಿರಲಿಲ್ಲ.

ಮೇಷ್ಟ್ರು: ನೋಡಲಿಲ್ಲ. ಪುಸ್ತಕದಲ್ಲಿತ್ತು, ಹೇಳಿದೆ. ಅಜ್ಜಿಯ ಥರದವನು ಅಮೆರಿಕದಲ್ಲೂ ಒಬ್ಬ ಇದ್ದ ಭಟ್ರೇ, ಡೊನಾಲ್ಡ್ ಅಂಗರ್ ಅಂತ ಡಾಕ್ಟರು. ನೆಟಿಗೆ ಮುರಿದ್ರೆ ಕೀಲುವಾತ ಬರುತ್ತೆ ಅಂತ ಅವನಮ್ಮ ಬೈತಿದ್ಲು. ಅರವತ್ತು ವರ್ಷ ಎಡಗೈದು ಮಾತ್ರ ದಿನಾ ಮುರಿದ, ಬಲಗೈ ಬಿಟ್ಟ. ಕೊನೆಗೆ ಎರಡೂ ಕೈ ನೋಡಿದ್ರೆ ಎರಡಕ್ಕೂ ವಾತ ಇಲ್ಲ. 2009ರಲ್ಲಿ ಅವನಿಗೆ ಇಗ್ ನೊಬೆಲ್ ಕೊಟ್ರು. ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಅಂತಲೇ ಇರೋ ಪ್ರಶಸ್ತಿ.

ಭಟ್ಟರು: ಅರವತ್ತು ವರ್ಷ ಅಮ್ಮನ ಮೇಲಿನ ಹಟಕ್ಕೆ! ಅವನಿಗೆ ಬೇರೆ ಕೆಲಸ ಇರಲಿಲ್ವಾ?

ಮೇಷ್ಟ್ರು: ನಿಮಗೆ ಅಂಥದ್ದು ಒಂದೂ ಇಲ್ವಾ? ನಲವತ್ತು ವರ್ಷ ಒಲೆ ಮುಂದೆ ನಿಂತು, ಇದು ಯಾಕೆ ಹೀಗೆ ಅಂತ ಒಂದ್ಸಲವೂ ಅನ್ನಿಸಿಲ್ಲ?

ಭಟ್ಟರು ಕಾವಲಿಗೆ ಎಣ್ಣೆ ಬಿಟ್ಟು, ಅರ್ಧ ಹೋಳು ಈರುಳ್ಳಿಯಿಂದ ಸವರಿದರು. ಹಿಟ್ಟು ಹೊಯ್ದರು. ಮಗುಚುಗೋಲು ಹಾಕಿದರೆ ಅಂಚು ಎದ್ದಿತು, ನಡು ಏಳಲಿಲ್ಲ. ಕೆರೆದು ತೆಗೆದು ಬದಿಗೆ ಹಾಕಿದರು. ಎರಡನೆಯದನ್ನು ಹೊಯ್ದರು, ಅದು ಹಪ್ಪಳದ ಹಾಗೆ ಪೂರ್ತಿ ಎದ್ದು ಬಂತು.

ಭಟ್ಟರು: ಇದು. ಮೊದಲನೇ ದೋಸೆ ಯಾಕೆ ಕೆಡುತ್ತೆ?

ಮೇಷ್ಟ್ರು: ಅದು ಸುಲಭ. ಕಾವಲಿ ಎಲ್ಲ ಕಡೆ ಒಂದೇ ಸಮ ಕಾದಿರಲ್ಲ. ನಡುವೆ ಒಂದು, ಅಂಚಿಗೆ ಒಂದು. ಒಂದು ದೋಸೆ ಆಗೋ ಹೊತ್ತಿಗೆ ಕಾವು ಹದಕ್ಕೆ ಬರುತ್ತೆ.

ಭಟ್ಟರು: ಬರೋದಿಲ್ಲ ಅಂತ ಹೇಳ್ತಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ದೋಸೆ ನಿಲ್ಲಿಸ್ತೀನಿ. ಮೂರು ಗಂಟೆವರೆಗೆ ಕಾವಲಿ ಸಣ್ಣ ಉರಿ ಮೇಲೇ ಇರುತ್ತೆ, ಚಪಾತಿ ಬಿಸಿ ಮಾಡೋಕೆ. ಹದವಾಗಿ, ಒಂದೇ ಸಮ. ನೀರು ಚಿಮುಕಿಸಿ ನೋಡಿದ್ರೂ ಎಲ್ಲ ಕಡೆ ಚುಂಯ್ ಅಂತ ಒಂದೇ ಸದ್ದು. ಮೂರು ಗಂಟೆಗೆ ಮತ್ತೆ ಶುರು ಮಾಡ್ತೀನಿ. ಆಗ್ಲೂ ಮೊದಲನೇದು ಕೆಡುತ್ತೆ. ಕಾವೇ ಕಾರಣ ಆಗಿದ್ರೆ ಆಗ ಯಾಕೆ ಕೆಡಬೇಕು?

ಮೇಷ್ಟ್ರು: ಹಾಗಾದ್ರೆ ಎಣ್ಣೆ. ಕಾದ ಕಬ್ಬಿಣದ ಮೇಲೆ ಎಣ್ಣೆ ತೆಳುವಾಗಿ ಸುಟ್ಟು ಗಟ್ಟಿ ಪದರ ಆಗುತ್ತೆ. ಅದಕ್ಕೇ ಹೊಸ ಕಾವಲಿ ಪಳಗಿಸೋದು. ಆ ಪದರದ ಮೇಲೆ ಹೊಸ ಎಣ್ಣೆ ಕೂರೋಕೆ…

ಭಟ್ಟರು: ಎಣ್ಣೆ ಮೂರು ಸಲ ಸವರಿ ನೋಡಿದ್ದೀನಿ. ಮೂರು ಈರುಳ್ಳಿ ಹೋಗಿದ್ದು ಲಾಭ.

ಮೇಷ್ಟ್ರು: ಹಿಟ್ಟು?

ಭಟ್ಟರು: ಮೊದಲನೇದಕ್ಕೂ ಎರಡನೇದಕ್ಕೂ ಒಂದೇ ಪಾತ್ರೆ ಹಿಟ್ಟು. ಈಗ ನೋಡಿದ್ರಲ್ಲ. ನನ್ನ ಲೆಕ್ಕದಲ್ಲಿ ಮೊದಲನೇ ದೋಸೆ ಕಾವಲಿಗೆ ಏನೋ ಮಾಡುತ್ತೆ. ಅದು ದೋಸೆ ಅಲ್ಲ, ತಾಲೀಮು.

ಮೇಷ್ಟ್ರು ಕೆರೆದು ತೆಗೆದ ದೋಸೆಯ ಚೂರು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು, ಪರೀಕ್ಷೆಯಲ್ಲಿ ಹುಡುಗರ ಕಾಪಿಚೀಟಿ ಹಿಡಿದವರ ಹಾಗೆ. ಆಮೇಲೆ ಬಾಯಿಗೆ ಹಾಕಿಕೊಂಡರು.

ಮೇಷ್ಟ್ರು: ಗೊತ್ತಿಲ್ಲ ಭಟ್ರೇ.

ಭಟ್ಟರು: ಅಬ್ಬ! ಮೂವತ್ತೆರಡರಲ್ಲಿ ಬಾರದ ಮಾತು ಈಗ ಬಂತು.

ಮೇಷ್ಟ್ರು: ನಾಳೆ ಬೆಳಿಗ್ಗೆ ಬರ್ತೀನಿ. ಎಷ್ಟೊತ್ತಿಗೆ ಒಲೆ ಹಚ್ತೀರಿ?

ಭಟ್ಟರು: ಐದಕ್ಕೆ. ಕೊರೊನಾ ಟೈಮಲ್ಲಿ ಹಣೆಗೆ ಹಿಡೀತಿದ್ರಲ್ಲ ಬಂದೂಕಿನ ಥರದ್ದು, ಅದಿದ್ರೆ ತನ್ನಿ, ಕಾವಲಿಗೆ ಹಿಡಿಯೋಣ.

ಮೇಷ್ಟ್ರು: ಅದು ಜ್ವರ ನೋಡೋಕೆ ಮಾಡಿದ್ದು, ಕಾವಲಿ ಮುಂದೆ ಕೈಯೆತ್ತಿಬಿಡುತ್ತೆ. ಬೇಡ. ನೀರೇ ಸಾಕು. ಕಾವಲಿಯ ಒಂಬತ್ತು ಕಡೆ ಒಂದೊಂದು ಹನಿ, ಎಷ್ಟು ಸೆಕೆಂಡಿಗೆ ಆರುತ್ತೆ ಅಂತ ನಾನು ವಾಚಿನಲ್ಲಿ ನೋಡ್ತೀನಿ. ಆ ಜರ್ಮನಿಯವನೂ ಎಣಿಸಿಯೇ ನೋಡಿದ್ದು. ಒಂದ್ಸಲ ಈರುಳ್ಳಿ ಹಾಕಿ, ಒಂದ್ಸಲ ಹಾಕದೆ. ಒಂದ್ಸಲ ಮೊದಲನೇದು ಹೊಯ್ದು ಕೆರೆದಮೇಲೆ ಕಾವಲಿ ತೊಳೆದು ಎರಡನೇದು ಹೊಯ್ಯಿರಿ. ತಾಲೀಮು ತೊಳೆದು ಹೋಗುತ್ತೋ ಇಲ್ವೋ ಗೊತ್ತಾಗುತ್ತೆ.

ಭಟ್ಟರು: ಕೆಟ್ಟ ದೋಸೆಗೆ ದುಡ್ಡು?

ಮೇಷ್ಟ್ರು: ನಾನೇ ತಿಂತೀನಿ, ನಾನೇ ಕೊಡ್ತೀನಿ. ಒಂದೆರಡು ಸಾಲದು, ಇಪ್ಪತ್ತಾದ್ರೂ ಮೊದಲನೇ ದೋಸೆ ನೋಡಬೇಕು. ನಾಳೆ ಏಳು ಗಂಟೆಯೊಳಗೆ ಮುಗಿಸೋಣ.

ಹೊರಗೆ ಬಸ್ಸು ಬಂದು ನಿಂತಿತು. ಕಂಡಕ್ಟರು ಎರಡು ಸಲ ಶಿಳ್ಳೆ ಹಾಕಿದ. ನಾನು ಗಲ್ಲಾದ ಮೇಲೆ ಕಾಫಿಯ ದುಡ್ಡು ಇಟ್ಟು, ತಟ್ಟೆಯ ನೀರನ್ನು ತಪ್ಪಿಸಿಕೊಂಡು ಹೊರಟೆ. ಮೆಟ್ಟಿಲು ಇಳಿಯುವಾಗ ಭಟ್ಟರ ದನಿ ಕೇಳಿಸಿತು.

‘‘ಒಂದು ಬೆಳಿಗ್ಗೆಗೆ ಇಪ್ಪತ್ತು ಎಲ್ಲಿಂದ ತರಲಿ ಮೇಷ್ಟ್ರೇ? ಮೊದಲನೇ ದೋಸೆ ಹೊತ್ತಿಗೆ ಒಂದೇ ಇರೋದು.’’